ಇಪ್ಪತ್ತು ವರ್ಷ ಅನುಭವ ಇರುವ ನರ್ಸ್‌ಗೆ ಮತ್ತೆ ತರಬೇತಿ ಏಕೆ?

“ಸಿಸ್ಟರ್ ಇವತ್ತು ಇಲ್ಲ, ಟ್ರೈನಿಂಗ್‌ಗೆ ಹೋಗಿದ್ದಾರೆ.” ಸರ್ಕಾರಿ ಆಸ್ಪತ್ರೆಗೆ ಹೋಗಿ ಬರುವವರು ಈ ಮಾತನ್ನು ಒಮ್ಮೆಯಾದರೂ ಕೇಳಿರುತ್ತಾರೆ. ಕೇಳಿದ ಕೂಡಲೇ ಬೆಂಚಿನ ಮೇಲೆ ಕೂತವರಲ್ಲಿ ಯಾರಾದರೊಬ್ಬರು ಗೊಣಗುತ್ತಾರೆ: “ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದ್ದಾರೆ, ಇನ್ನೇನು ಕಲಿಯೋದಿದೆ?” ಆಸ್ಪತ್ರೆಯ ಒಳಗೂ ಇದೇ ಮಾತು ಇನ್ನೊಂದು ರೂಪದಲ್ಲಿ ಓಡಾಡುತ್ತದೆ. ನೂರಾರು ಹೆರಿಗೆ ಮಾಡಿಸಿದ ಕೈ, ಅದಕ್ಕೆ ಪಾಠ ಹೇಳುವವರು ಯಾರು ಎಂದು.

ಅನುಭವದ ಬೆಲೆಯನ್ನು ನಾವು ಕಡಿಮೆ ಮಾಡುತ್ತಿಲ್ಲ. ಕಣ್ಣಿಗೆ ಕಾಣದ ರಕ್ತನಾಳವನ್ನು ಬೆರಳ ತುದಿಯಲ್ಲೇ ಹುಡುಕಿ ಸೂಜಿ ಹಾಕುವುದು, ರೋಗಿಯ ಮುಖ ನೋಡಿಯೇ ‘ಏನೋ ಸರಿಯಿಲ್ಲ’ ಎಂದು ಗ್ರಹಿಸುವುದು ಯಾವ ತರಗತಿಯಲ್ಲೂ ಬರುವುದಿಲ್ಲ. ದಿನವೂ ಮಾಡುವ ಕೆಲಸದಲ್ಲಿ ಕೈ ಪಳಗುತ್ತದೆ, ನಿಜ. ಆದರೆ ಆಸ್ಪತ್ರೆಯಲ್ಲಿ ಜೀವ ಉಳಿಸುವ ಕೆಲವು ಕೆಲಸಗಳು ದಿನವೂ ಬರುವುದಿಲ್ಲ. ಅಪರೂಪಕ್ಕೆ ಬರುತ್ತವೆ, ಹೇಳದೆ ಕೇಳದೆ ಬರುತ್ತವೆ, ಬಂದಾಗ ಯೋಚಿಸಲು ಪುರುಸೊತ್ತು ಕೊಡುವುದಿಲ್ಲ. ಇಂಥ ಕೆಲಸಕ್ಕೆ ಸರ್ವಿಸ್ ಎಷ್ಟು ವರ್ಷ ಆಯಿತು ಎಂಬ ಲೆಕ್ಕ ಸಾಲುವುದಿಲ್ಲ. ಏಕೆ ಎಂಬುದನ್ನು ಒಂದೇ ಒಂದು ಉದಾಹರಣೆ ಹಿಡಿದು ನೋಡೋಣ: ಹುಟ್ಟಿದ ಮಗು ಅಳದೇ ಇದ್ದಾಗ ಏನಾಗುತ್ತದೆ?

ಮೊದಲ ಒಂದು ನಿಮಿಷ

ತಾಯಿಯ ಹೊಟ್ಟೆಯಲ್ಲಿದ್ದಾಗ ಮಗುವಿನ ಶ್ವಾಸಕೋಶದಲ್ಲಿ ಗಾಳಿ ಇರುವುದಿಲ್ಲ, ದ್ರವ ತುಂಬಿರುತ್ತದೆ. ಬೇಕಾದ ಆಮ್ಲಜನಕವೆಲ್ಲ ಹೊಕ್ಕುಳಬಳ್ಳಿಯ ಮೂಲಕ ಬರುತ್ತದೆ. ಹೊರಗೆ ಬಂದ ಕೆಲವೇ ಸೆಕೆಂಡುಗಳಲ್ಲಿ ಈ ವ್ಯವಸ್ಥೆ ಪೂರ್ತಿ ಬದಲಾಗಬೇಕು. ಶ್ವಾಸಕೋಶ ಹಿಗ್ಗಬೇಕು, ದ್ರವ ಸರಿದು ಅಲ್ಲಿ ಗಾಳಿ ತುಂಬಬೇಕು. ನಾವೆಲ್ಲ ಕಾತರದಿಂದ ಕಾಯುವ ಆ ಮೊದಲ ಅಳು ಈ ಬದಲಾವಣೆ ಆಯಿತು ಎಂಬುದರ ಸದ್ದು.

ನೂರು ಮಕ್ಕಳಲ್ಲಿ ಸುಮಾರು 85 ಮಕ್ಕಳು ಇದನ್ನು ತಾವಾಗಿಯೇ ಮಾಡಿಕೊಳ್ಳುತ್ತವೆ. ಇನ್ನು ಸುಮಾರು ಹತ್ತು ಮಕ್ಕಳಿಗೆ ಬಟ್ಟೆಯಿಂದ ಚೆನ್ನಾಗಿ ಒರೆಸಿ, ಬೆಚ್ಚಗಿಟ್ಟು, ಬೆನ್ನನ್ನು ಮೆಲ್ಲಗೆ ಉಜ್ಜಿದರೆ ಸಾಕು, ಉಸಿರು ಬರುತ್ತದೆ. ಉಳಿಯುವುದು ಐದು. ಇವಕ್ಕೆ ಯಾರಾದರೂ ಗಾಳಿ ಕೊಡಬೇಕು. ಅದಕ್ಕಿರುವುದು ಅಂಬು ಬ್ಯಾಗ್ ಎಂದು ಆಸ್ಪತ್ರೆಯವರು ಕರೆಯುವ, ಕೈಯಿಂದ ಒತ್ತುವ ಚಿಕ್ಕ ರಬ್ಬರ್ ಚೀಲ ಮತ್ತು ಅದರ ತುದಿಯ ಮಾಸ್ಕ್. ಹುಟ್ಟಿದ ಒಂದು ನಿಮಿಷದ ಒಳಗೆ ಮಗು ತಾನೇ ಉಸಿರಾಡುತ್ತಿರಬೇಕು, ಇಲ್ಲವೇ ಬ್ಯಾಗ್‌ನಿಂದ ಉಸಿರು ಕೊಡುವುದು ಶುರುವಾಗಿರಬೇಕು. ತರಬೇತಿ ಪುಸ್ತಕಗಳು ಇದನ್ನು ‘ಗೋಲ್ಡನ್ ಮಿನಿಟ್’ ಎನ್ನುತ್ತವೆ.

ಓದುವಾಗ ಇದು ಸುಲಭ ಅನಿಸುತ್ತದೆ. ಮಾಡುವಾಗ ಅಲ್ಲ. ಮಗುವಿನ ತಲೆ ತುಸು ಮಾತ್ರ ಹಿಂದಕ್ಕೆ ಬಾಗಿರಬೇಕು. ಜಾಸ್ತಿ ಬಾಗಿದರೂ ಮುಂದಕ್ಕೆ ಬಿದ್ದರೂ ಗಾಳಿಯ ದಾರಿ ಮಡಚಿಕೊಳ್ಳುತ್ತದೆ. ಮಾಸ್ಕ್ ಗಲ್ಲದ ತುದಿ, ಬಾಯಿ, ಮೂಗು ಮೂರನ್ನೂ ಮುಚ್ಚಬೇಕು, ಕಣ್ಣಿನ ಮೇಲೆ ಕೂರಬಾರದು. ಅಂಚಿನಲ್ಲಿ ಸಣ್ಣ ಸಂದು ಉಳಿದರೂ ಒತ್ತಿದ ಗಾಳಿ ಹೊರಗೆ ಹೋಗುತ್ತದೆ. ನಿಮಿಷಕ್ಕೆ ಸುಮಾರು 40 ಸಲ ಒತ್ತಬೇಕು, ಪ್ರತಿ ಸಲವೂ ಎದೆ ಏಳುತ್ತದೆಯೇ ಎಂದು ನೋಡಬೇಕು. ಎದೆ ಏಳದಿದ್ದರೆ ಮಾಸ್ಕ್ ಸರಿಪಡಿಸು, ತಲೆ ಸರಿಪಡಿಸು, ಬಾಯಲ್ಲಿ ಏನಾದರೂ ಇದ್ದರೆ ತೆಗೆ, ಬಾಯಿ ತುಸು ತೆರೆದಿಡು, ಸ್ವಲ್ಪ ಗಟ್ಟಿಯಾಗಿ ಒತ್ತು. ಇದೆಲ್ಲ ಅಂಗೈ ಅಗಲದ ಎದೆಯ ಮೇಲೆ ನಡೆಯಬೇಕು. ಪಕ್ಕದಲ್ಲೇ ತಾಯಿ “ಯಾಕೆ ಅಳ್ತಿಲ್ಲ?” ಎಂದು ಕೇಳುತ್ತಿರುತ್ತಾಳೆ. ಅವಳ ಮಾಸು ಇನ್ನೂ ಬಿದ್ದಿರುವುದಿಲ್ಲ.

ಇಲ್ಲೊಂದು ತಪ್ಪು ನಂಬಿಕೆಯನ್ನೂ ಹೇಳಿಬಿಡೋಣ. ಹಳೆಯ ಸಿನಿಮಾಗಳಲ್ಲಿ ಅಳದ ಮಗುವನ್ನು ಕಾಲು ಹಿಡಿದು ತಲೆಕೆಳಗಾಗಿ ಎತ್ತಿ ಬೆನ್ನಿಗೋ ಕುಂಡೆಗೋ ಬಾರಿಸುವ ದೃಶ್ಯ ನೋಡಿರುತ್ತೀರಿ. ಹಾಗೆ ಮಾಡಬಾರದು. ಹೊಡೆತದಿಂದ ಶ್ವಾಸಕೋಶಕ್ಕೆ ಗಾಳಿ ಹೋಗುವುದಿಲ್ಲ. ಮಗುವಿಗೆ ಪೆಟ್ಟಾಗಬಹುದು, ಮೈ ತಣ್ಣಗಾಗುತ್ತದೆ, ಇರುವ ಅಷ್ಟಿಷ್ಟು ಸೆಕೆಂಡುಗಳೂ ಹಾಳಾಗುತ್ತವೆ.

ಒಬ್ಬ ಸಿಸ್ಟರ್‌ಗೆ ಎಷ್ಟು ಸಲ ಅವಕಾಶ ಸಿಗುತ್ತದೆ?

ಒಂದು ಸಣ್ಣ ಲೆಕ್ಕ ಮಾಡೋಣ. ತಿಂಗಳಿಗೆ 20 ಹೆರಿಗೆ ಆಗುವ ಆಸ್ಪತ್ರೆ ಎಂದುಕೊಳ್ಳಿ. ನೂರಕ್ಕೆ ಐದರ ಲೆಕ್ಕದಲ್ಲಿ ಬ್ಯಾಗ್ ಬೇಕಾಗುವ ಮಗು ತಿಂಗಳಿಗೆ ಒಂದು. ಹೆರಿಗೆ ಕೋಣೆಯಲ್ಲಿ ಪಾಳಿಯ ಮೇಲೆ ನಾಲ್ವರು ಕೆಲಸ ಮಾಡುತ್ತಾರೆ ಎಂದರೆ, ಒಬ್ಬೊಬ್ಬರ ಕೈಗೆ ಅಂಥ ಮಗು ಬರುವುದು ನಾಲ್ಕು ತಿಂಗಳಿಗೊಮ್ಮೆ. ವರ್ಷಕ್ಕೆ ಮೂರು. ನೂರಾರು ಹೆರಿಗೆ ಮಾಡಿಸಿದ ಕೈ ಎನ್ನುತ್ತೇವಲ್ಲ, ಆ ಕೈ ಬ್ಯಾಗ್ ಹಿಡಿದದ್ದು ಬೆರಳೆಣಿಕೆಯಷ್ಟು ಸಲ ಮಾತ್ರ ಇರಬಹುದು. ಆ ಕೆಲವು ಸಲಗಳಲ್ಲೂ ಮಾಸ್ಕ್ ಸರಿಯಾಗಿ ಕೂತಿತ್ತೇ ಎಂದು ಪಕ್ಕದಲ್ಲಿ ನಿಂತು ಹೇಳುವವರು ಇದ್ದರೇ ಎಂಬುದು ಬೇರೆ ಪ್ರಶ್ನೆ.

ಮರೆವಿನ ಬಗ್ಗೆ ಹೊಸದಾಗಿ ಕಂಡುಹಿಡಿಯಬೇಕಾದ್ದೇನೂ ಇಲ್ಲ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿನಲ್ಲಿ ಎಷ್ಟು ಮರೆಯುತ್ತದೆ ಎಂದು ಅಳೆದು 1885ರಲ್ಲೇ ಪ್ರಕಟಿಸಿದ್ದ. ಕಲಿತದ್ದರ ದೊಡ್ಡ ಪಾಲು ಬೇಗನೆ ಹೋಗುತ್ತದೆ, ನಡುನಡುವೆ ಬಿಟ್ಟು ಬಿಟ್ಟು ಮತ್ತೆ ಕಲಿತರೆ ಉಳಿಯುತ್ತದೆ. ಕೈಕೆಲಸಕ್ಕೂ ಇದು ಅನ್ವಯಿಸುತ್ತದೆ. ಹೃದಯ ನಿಂತಾಗ ಎದೆ ಒತ್ತುವ ಸಿಪಿಆರ್ ಕಲಿತವರ ಕೌಶಲ ಮೂರರಿಂದ ಆರು ತಿಂಗಳಲ್ಲೇ ಇಳಿಯುತ್ತದೆ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಅದೇ ತರಬೇತಿಗೆ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಕೊಡುವ ಕಾರ್ಡ್ ಎರಡು ವರ್ಷ ನಡೆಯುತ್ತದೆ. ಕಾರ್ಡ್ ಚಾಲ್ತಿಯಲ್ಲಿರುತ್ತದೆ, ಕೈ ಮರೆತಿರುತ್ತದೆ.

ಮರೆವಿಗಿಂತ ಕಷ್ಟದ ಸಂಗತಿ ಇನ್ನೊಂದಿದೆ: ಚೆನ್ನಾಗಿ ನೆನಪಿರುವ ಪಾಠವೇ ಹಳೆಯದಾಗಿರುವುದು. 1990ರ ದಶಕದಲ್ಲಿ ನರ್ಸಿಂಗ್ ಓದಿದವರು ಮಗು ಹುಟ್ಟಿದ ತಕ್ಷಣ ಹೊಕ್ಕುಳಬಳ್ಳಿ ಕತ್ತರಿಸುವುದನ್ನು ಕಲಿತವರು. ಈಗ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು, ಮಗು ಚೆನ್ನಾಗಿದ್ದರೆ ಕನಿಷ್ಠ ಒಂದು ನಿಮಿಷ ಕಾಯಿರಿ ಎಂದು. ಆ ಅವಧಿಯಲ್ಲಿ ಮಗುವಿಗೆ ಇನ್ನಷ್ಟು ರಕ್ತ ಹರಿದು ಬರುತ್ತದೆ, ಮುಂದೆ ಕಬ್ಬಿಣಾಂಶದ ಕೊರತೆ ಕಡಿಮೆಯಾಗುತ್ತದೆ. ಹುಟ್ಟಿದ ಎಲ್ಲ ಮಕ್ಕಳ ಬಾಯಿ ಮೂಗಿಗೂ ಕೊಳವೆ ಹಾಕಿ ಎಳೆಯುವುದು ಆಗಿನ ರೂಢಿ. ಚೆನ್ನಾಗಿ ಅಳುತ್ತಿರುವ ಮಗುವಿಗೆ ಅದು ಬೇಡ ಎಂಬುದು ಈಗಿನ ಸಲಹೆ. ದಿನ ತುಂಬಿ ಹುಟ್ಟಿದ ಮಗುವಿಗೆ ಉಸಿರು ಕೊಡುವಾಗ ಆಗ ಶುದ್ಧ ಆಮ್ಲಜನಕ ಕೊಡುತ್ತಿದ್ದರು, ಈಗ ಮಾಮೂಲಿ ಗಾಳಿಯಿಂದಲೇ ಶುರು ಮಾಡಿ ಎನ್ನುತ್ತಾರೆ. ಹಳೆಯ ಪಾಠವನ್ನು ಶ್ರದ್ಧೆಯಿಂದ ಪಾಲಿಸುತ್ತಿರುವ ಹಿರಿಯ ಸಿಸ್ಟರ್‌ಗೆ ತಾವು ತಪ್ಪು ಮಾಡುತ್ತಿದ್ದೇವೆ ಎಂದು ತಿಳಿಯುವ ದಾರಿಯೇ ಇರುವುದಿಲ್ಲ, ಯಾರಾದರೂ ಬಂದು ಹೇಳದ ಹೊರತು.

ಕಾಗದದ ಮೇಲೆ ಏನಿದೆ?

ನಮ್ಮಲ್ಲಿ ಜಿಎನ್‌ಎಂ ಮೂರು ವರ್ಷ, ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ. ಮುಗಿಸಿದವರು ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಾಯಿಸಬೇಕು. ಆ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಲು 150 ಗಂಟೆಗಳ ಮುಂದುವರಿದ ಕಲಿಕೆ ಆಗಿರಬೇಕೆಂದು ಭಾರತೀಯ ನರ್ಸಿಂಗ್ ಕೌನ್ಸಿಲ್ ನಿಯಮ ಮಾಡಿದೆ. ಇದಲ್ಲದೆ ಸರ್ಕಾರದ ತರಬೇತಿಗಳಿವೆ. ಹೆರಿಗೆ ಮಾಡಿಸುವವರಿಗೆ ಮೂರು ವಾರದ್ದು, ನವಜಾತ ಶಿಶುವಿಗೆ ಉಸಿರು ಕೊಡುವುದನ್ನು ಕಲಿಸಲು 2009ರಲ್ಲಿ ಶುರುವಾದ ‘ನವಜಾತ ಶಿಶು ಸುರಕ್ಷಾ ಕಾರ್ಯಕ್ರಮ’ದ ಎರಡು ದಿನದ್ದು. 2015ರಲ್ಲಿ ‘ದಕ್ಷತಾ’, 2017ರ ಕೊನೆಯಲ್ಲಿ ಹೆರಿಗೆ ಕೋಣೆಗಳ ಗುಣಮಟ್ಟ ಸುಧಾರಿಸಲು ‘ಲಕ್ಷ್ಯ’ ಬಂದವು.

ಅಂದರೆ ತರಬೇತಿಯ ಹೆಸರಿಗೆ ಬರವಿಲ್ಲ. ಕೇಳಬೇಕಾದ ಪ್ರಶ್ನೆ ಎಷ್ಟು ಗಂಟೆ ಎಂಬುದಲ್ಲ, ಯಾವ ತರದ ಗಂಟೆ ಎಂಬುದು. ಸಭಾಂಗಣದಲ್ಲಿ ಇನ್ನೂರು ಜನ ಕೂತು ಸ್ಲೈಡ್ ನೋಡಿದರೂ ಗಂಟೆಯೇ, ಬೊಂಬೆಯ ಮುಖಕ್ಕೆ ಮಾಸ್ಕ್ ಹಿಡಿದು ಹತ್ತು ಸಲ ಸೋತು ಹನ್ನೊಂದನೇ ಸಲ ಎದೆ ಏಳಿಸಿದರೂ ಗಂಟೆಯೇ. ಸರ್ಟಿಫಿಕೇಟ್ ಎರಡಕ್ಕೂ ಒಂದೇ ತರ ಕಾಣುತ್ತದೆ.

ಬೆಳಗಾವಿಯಿಂದ ತಾಂಜಾನಿಯಾವರೆಗೆ

ಯಾವ ತರದ ಗಂಟೆ ಕೆಲಸ ಮಾಡುತ್ತದೆ ಎಂಬುದಕ್ಕೆ ಒಳ್ಳೆಯ ಪುರಾವೆಗಳಿವೆ, ಅವುಗಳಲ್ಲಿ ಒಂದು ನಮ್ಮ ಬೆಳಗಾವಿಯದೇ.

ಅಮೆರಿಕದ ಮಕ್ಕಳ ವೈದ್ಯರ ಸಂಘ 2010ರಲ್ಲಿ ‘ಹೆಲ್ಪಿಂಗ್ ಬೇಬೀಸ್ ಬ್ರೀದ್’ ಎಂಬ ತರಬೇತಿ ರೂಪಿಸಿತು. ದೊಡ್ಡ ಯಂತ್ರಗಳಿಲ್ಲದ ಆಸ್ಪತ್ರೆಗಳಿಗೆಂದೇ ಮಾಡಿದ್ದು. ನೀರು ತುಂಬಿದರೆ ಮಗುವಿನಷ್ಟೇ ತೂಗುವ ಬೊಂಬೆ, ಚಿತ್ರಗಳ ಚಾರ್ಟ್, ಬ್ಯಾಗ್, ಮಾಸ್ಕ್ ಇಷ್ಟೇ ಸಾಮಗ್ರಿ. ಬೆಳಗಾವಿ ಭಾಗದ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಂದ ಹಿಡಿದು ದೊಡ್ಡ ಆಸ್ಪತ್ರೆಗಳವರೆಗೆ 599 ಮಂದಿ ಹೆರಿಗೆ ಸಿಬ್ಬಂದಿಗೆ ಇದನ್ನು ಕಲಿಸಿ, ಮುಂಚೆ ಮತ್ತು ಆಮೇಲೆ ಏನಾಯಿತು ಎಂದು ನೋಡಿದರು. 2013ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಸತ್ತು ಹುಟ್ಟುವ ಮಕ್ಕಳ ಪ್ರಮಾಣ ನೂರಕ್ಕೆ 3.0ರಿಂದ 2.3ಕ್ಕೆ ಇಳಿಯಿತು.

ಹೊಟ್ಟೆಯಲ್ಲೇ ಸತ್ತ ಮಗುವನ್ನು ಹೊರಗೆ ಬಂದ ಮೇಲೆ ಕೊಡುವ ಉಸಿರು ಹೇಗೆ ಉಳಿಸುತ್ತದೆ? ಉಳಿಸುವುದಿಲ್ಲ. ಅಳದೆ, ಅಲ್ಲಾಡದೆ, ನೀಲಿಗಟ್ಟಿ ಹುಟ್ಟುವ ಮಕ್ಕಳಲ್ಲಿ ಕೆಲವು ನಿಜಕ್ಕೂ ಸತ್ತಿರುವುದಿಲ್ಲ, ಹೃದಯ ಇನ್ನೂ ಮೆಲ್ಲಗೆ ಬಡಿಯುತ್ತಿರುತ್ತದೆ. ಯಾರೂ ಬ್ಯಾಗ್ ಹಿಡಿಯದಿದ್ದರೆ ಅಂಥ ಮಗು ‘ಸತ್ತು ಹುಟ್ಟಿದ್ದು’ ಎಂದು ರಿಜಿಸ್ಟರಿಗೆ ಹೋಗುತ್ತದೆ. ಈ ಲೇಖನಕ್ಕಾಗಿ ಓದಿದ್ದರಲ್ಲಿ ನಮ್ಮನ್ನು ಅತ್ಯಂತ ಕಾಡಿದ್ದು ಈ ಒಂದು ವಿಷಯ. ಆ ಅಧ್ಯಯನದಲ್ಲಿ, ಹೆರಿಗೆಗೆ ಸ್ವಲ್ಪ ಮುಂಚೆಯಷ್ಟೇ ಸತ್ತಂತೆ ಕಾಣುವ ಮಕ್ಕಳ ಪ್ರಮಾಣ 1.7ರಿಂದ 0.9ಕ್ಕೆ, ಅಂದರೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಹುಟ್ಟಿದ ಮೇಲಿನ ಮೊದಲ ತಿಂಗಳ ಸಾವುಗಳು ಮಾತ್ರ ಬದಲಾಗಲಿಲ್ಲ. ಇದು ಮುಂಚೆ-ಆಮೇಲೆ ಹೋಲಿಕೆಯಾದ್ದರಿಂದ ಎಲ್ಲ ಶ್ರೇಯವೂ ತರಬೇತಿಯದೇ ಎಂದು ಖಡಾಖಂಡಿತವಾಗಿ ಹೇಳಲಾಗದು ಎಂಬುದನ್ನೂ ನೆನಪಿಡಬೇಕು.

ಇದೇ ತರಬೇತಿಯನ್ನು ತಾಂಜಾನಿಯಾದ ಹೇಡಮ್ ಎಂಬ ಗ್ರಾಮೀಣ ಆಸ್ಪತ್ರೆಯಲ್ಲಿ ಒಂದು ದಿನದ ಕೋರ್ಸ್ ಆಗಿ ಕೊಟ್ಟರು. ಏಳು ತಿಂಗಳ ನಂತರವೂ ಬೊಂಬೆಯ ಮೇಲೆ ಸಿಬ್ಬಂದಿ ಮುಂಚಿಗಿಂತ ಚೆನ್ನಾಗಿ ಮಾಡಿ ತೋರಿಸಿದರು. ಆದರೆ ನಿಜವಾದ ಹೆರಿಗೆ ಕೋಣೆಯಲ್ಲಿ, ನಿಜವಾದ ಮಗುವಿನ ಮುಂದೆ ಅವರು ಮಾಡುವ ರೀತಿ ಬದಲಾಗಿರಲಿಲ್ಲ. ಪರೀಕ್ಷೆಯಲ್ಲಿ ಪಾಸ್, ವಾರ್ಡಿನಲ್ಲಿ ಹಳೆಯ ರೀತಿ.

ಆಮೇಲೆ ಅಲ್ಲಿನವರು ಮಾಡಿದ್ದು ಇನ್ನೊಂದು ದೊಡ್ಡ ಕೋರ್ಸ್ ಅಲ್ಲ. ಬೊಂಬೆಯನ್ನು ಹೆರಿಗೆ ಕೋಣೆಗೇ ತಂದಿಟ್ಟರು. ವಾರಕ್ಕೊಮ್ಮೆ, ಮೂರರಿಂದ ಐದು ನಿಮಿಷ, ಡ್ಯೂಟಿಯ ನಡುವೆಯೇ ಅಭ್ಯಾಸ. ಆಗಾಗ ಅರ್ಧ ದಿನದ ಮರುಪಾಠ. 2015ರಲ್ಲಿ ಪ್ರಕಟವಾದ ಲೆಕ್ಕದಂತೆ ಹುಟ್ಟಿದ 24 ಗಂಟೆಯೊಳಗೆ ಸಾಯುವ ಮಕ್ಕಳು ಸಾವಿರಕ್ಕೆ 11.1 ಇದ್ದದ್ದು 7.2 ಆಯಿತು. ಅದೇ ಆಸ್ಪತ್ರೆ, ಅದೇ ಪಾಠ, ಅದೇ ಬೊಂಬೆ. ಬದಲಾದದ್ದು ಎಷ್ಟು ಸಲ ಮತ್ತು ಎಲ್ಲಿ ಎಂಬುದು ಮಾತ್ರ.

ತರಬೇತಿಗೂ ಒಂದು ಮಿತಿ ಇದೆ

ಇಲ್ಲಿಗೆ ನಿಲ್ಲಿಸಿದರೆ ‘ವಾರಕ್ಕೆ ಐದು ನಿಮಿಷ ಅಭ್ಯಾಸ ಮಾಡಿಸಿ, ಎಲ್ಲ ಸರಿಹೋಗುತ್ತದೆ’ ಎಂದು ಹೇಳಿದಂತಾಗುತ್ತದೆ. ಹಾಗಿಲ್ಲ.

ಹೆರಿಗೆಯ ಹೊತ್ತಿನಲ್ಲಿ ಮರೆಯದೆ ಮಾಡಬೇಕಾದ ಕೆಲಸಗಳ ಒಂದು ಪಟ್ಟಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಸಿದ್ಧಪಡಿಸಿತ್ತು. ಕೈ ತೊಳೆದದ್ದಾಯಿತೇ, ಬಿಪಿ ನೋಡಿದ್ದಾಯಿತೇ, ಬ್ಯಾಗ್ ಪಕ್ಕದಲ್ಲಿದೆಯೇ ಎಂಬಂಥವು. ಅದನ್ನು ಮೊದಲು ಪ್ರಯೋಗಿಸಿ ನೋಡಿದ್ದು ಕರ್ನಾಟಕದ ಒಂದು ತಾಲ್ಲೂಕು ಮಟ್ಟದ ಹೆರಿಗೆ ಕೇಂದ್ರದಲ್ಲಿ. 29 ಕೆಲಸಗಳಲ್ಲಿ ಒಂದು ಹೆರಿಗೆಗೆ ಸರಾಸರಿ 10 ಆಗುತ್ತಿದ್ದವು, ಪಟ್ಟಿ ಬಳಸತೊಡಗಿದ ಮೇಲೆ 25 ಆಗತೊಡಗಿದವು. ಇದು 2012ರಲ್ಲಿ ಪ್ರಕಟವಾಯಿತು.

ಈ ಉತ್ಸಾಹದಲ್ಲೇ ಉತ್ತರ ಪ್ರದೇಶದ 120 ಆರೋಗ್ಯ ಕೇಂದ್ರಗಳಲ್ಲಿ ದೊಡ್ಡ ಪ್ರಯೋಗ ನಡೆಯಿತು, ಒಂದೂವರೆ ಲಕ್ಷಕ್ಕೂ ಹೆಚ್ಚು ಹೆರಿಗೆಗಳು. ಅರ್ಧ ಕೇಂದ್ರಗಳಲ್ಲಿ ತರಬೇತಾದ ನರ್ಸ್‌ಗಳು ಎಂಟು ತಿಂಗಳು ಬಂದು ಬಂದು, ಪಕ್ಕದಲ್ಲಿ ನಿಂತು, ತಿದ್ದಿ ಹೋಗುತ್ತಿದ್ದರು. ಶುರುವಾದ ಎರಡು ತಿಂಗಳಿಗೆ ಅಲ್ಲಿ 18 ಮುಖ್ಯ ಕೆಲಸಗಳಲ್ಲಿ ಶೇ. 72.8 ಆಗುತ್ತಿದ್ದವು, ಬೆಂಬಲ ಇಲ್ಲದ ಕೇಂದ್ರಗಳಲ್ಲಿ ಶೇ. 41.7. ಬರುವವರು ನಿಂತ ಮೇಲೆ, ಹನ್ನೆರಡನೇ ತಿಂಗಳಿಗೆ, ಅದು ಶೇ. 61.7ಕ್ಕೆ ಇಳಿದಿತ್ತು. 2017ರಲ್ಲಿ ಫಲಿತಾಂಶ ಬಂದಾಗ ಎಲ್ಲರನ್ನೂ ಯೋಚಿಸುವಂತೆ ಮಾಡಿದ್ದು ಬೇರೆಯೇ ಅಂಕಿ: ತಾಯಿ ಅಥವಾ ಮಗುವಿನ ಸಾವು, ತಾಯಿಗೆ ತೀವ್ರ ತೊಂದರೆ ಇವೆಲ್ಲ ಸೇರಿಸಿ ನೋಡಿದರೆ ಒಂದು ಕಡೆ ಶೇ. 15.1, ಇನ್ನೊಂದು ಕಡೆ ಶೇ. 15.3. ವ್ಯತ್ಯಾಸವೇ ಇಲ್ಲ.

ಏಕೆ ಹೀಗಾಯಿತು ಎಂಬ ಚರ್ಚೆ ಆಮೇಲೆ ಬಹಳ ನಡೆದಿದೆ. ನಮಗೆ ತೋರುವುದು ಇಷ್ಟು. ಸಿಸ್ಟರ್ ಬಿಪಿ ನೋಡಿ ಅಪಾಯ ಗುರುತಿಸಬಹುದು, ಆದರೆ ಕೊಡಬೇಕಾದ ಔಷಧ ಬೀರುವಿನಲ್ಲಿ ಇರಬೇಕು. ರಕ್ತಸ್ರಾವ ಕಂಡು ದೊಡ್ಡ ಆಸ್ಪತ್ರೆಗೆ ಬರೆದುಕೊಡಬಹುದು, ಆಂಬುಲೆನ್ಸ್ ಬರಬೇಕು, ಅಲ್ಲಿ ವೈದ್ಯರು ಇರಬೇಕು, ರಕ್ತ ಸಿಗಬೇಕು. ಪಟ್ಟಿಯಲ್ಲಿ ಒಂದು ಕೆಲಸಕ್ಕೆ ಟಿಕ್ ಹಾಕುವುದು ಬೇರೆ, ಅದನ್ನು ಎದೆ ಏಳುವ ಹಾಗೆ ಮಾಡುವುದು ಬೇರೆ. ತರಬೇತಿ ಕೈಗೆ ಬಲ ಕೊಡುತ್ತದೆ, ಕೈಗಳ ಸಂಖ್ಯೆ ಹೆಚ್ಚಿಸುವುದಿಲ್ಲ. ರಾತ್ರಿ ಪಾಳಿಯಲ್ಲಿ ಒಬ್ಬರೇ ಸಿಸ್ಟರ್ ಇದ್ದು, ತಾಯಿಗೆ ರಕ್ತಸ್ರಾವ, ಮಗುವಿಗೆ ಉಸಿರಿಲ್ಲ ಎಂದಾದರೆ ಅವರಿಗೆ ಎಷ್ಟು ಸರ್ಟಿಫಿಕೇಟ್ ಇದ್ದರೇನು? ಹೀಗಾಗಿ, ಏನೇ ತೊಂದರೆ ಆದರೂ ‘ಸಿಬ್ಬಂದಿಗೆ ತರಬೇತಿ ಕೊಡುತ್ತೇವೆ’ ಎಂದು ಹೇಳಿ ಕೈತೊಳೆದುಕೊಳ್ಳುವ ಹೇಳಿಕೆಗಳನ್ನು ಕಂಡಾಗ ನಮಗೆ ಅನುಮಾನ ಬರುತ್ತದೆ.

ವಾರ್ಡಿನಲ್ಲಿ ಹೇಗಿದ್ದರೆ ಚೆಂದ?

ಬೊಂಬೆ ಬೀರುವಿನಲ್ಲಿ ಇರಬಾರದು, ಅದು ಮೊದಲನೆಯದು. ದುಬಾರಿ ವಸ್ತು, ಆಡಿಟ್ ಬಂದಾಗ ತೋರಿಸಬೇಕು ಎಂದು ಬೀಗ ಹಾಕಿಟ್ಟ ಬೊಂಬೆಯಿಂದ ಯಾರಿಗೂ ಉಪಯೋಗವಿಲ್ಲ.

ಅಭ್ಯಾಸ ಒಬ್ಬರದ್ದಲ್ಲ, ಆ ಪಾಳಿಯಲ್ಲಿ ಇರುವವರೆಲ್ಲರದ್ದು ಆಗಬೇಕು. ಸಂವಹನ ಓದಿದವರಾದ್ದರಿಂದ ನಮ್ಮ ಗಮನ ಸಹಜವಾಗಿ ಇದರ ಕಡೆ ಹೋಗುತ್ತದೆ. “ಯಾರಾದ್ರೂ ಡಾಕ್ಟರಿಗೆ ಫೋನ್ ಮಾಡ್ರೀ” ಎಂದರೆ ಯಾರೋ ಮಾಡುತ್ತಾರೆ ಎಂದು ಎಲ್ಲರೂ ಸುಮ್ಮನಿರುವುದು ನಮ್ಮ ಮದುವೆ ಮನೆಗಳಲ್ಲೂ ನಡೆಯುತ್ತದೆ. ಹೆಸರು ಹಿಡಿದು ಹೇಳಬೇಕು. ಹೇಳಿಸಿಕೊಂಡವರು ಅದನ್ನೇ ಗಟ್ಟಿಯಾಗಿ ತಿರುಗಿ ಹೇಳಬೇಕು, ಮುಗಿದ ಮೇಲೆ ‘ಆಯಿತು’ ಎನ್ನಬೇಕು. ಇಷ್ಟು ಸಣ್ಣ ಮಾತನ್ನೂ ಅಭ್ಯಾಸ ಮಾಡಬೇಕಾಗುತ್ತದೆ, ಏಕೆಂದರೆ ಹಿರಿಯರಿಗೆ, ಅದರಲ್ಲೂ ಡಾಕ್ಟರಿಗೆ, “ಮೇಡಂ, ಎದೆ ಏಳ್ತಿಲ್ಲ” ಎಂದು ಕಿರಿಯ ನರ್ಸ್ ಹೇಳುವುದು ನಮ್ಮಲ್ಲಿ ಸುಲಭವಲ್ಲ. ಹಿರಿಯ ಸಿಸ್ಟರ್‌ಗೂ ಕಿರಿಯರ ಮುಂದೆ ಬೊಂಬೆ ಹಿಡಿದು ತಪ್ಪು ಮಾಡಲು ಮುಜುಗರ. ಅಭ್ಯಾಸವೆಂದರೆ ಅಂಕ ಕೊಡುವ ಪರೀಕ್ಷೆ ಎಂಬ ಭಯ ಹೋದರೆ ಮಾತ್ರ ಇವೆರಡೂ ಸಡಿಲವಾಗುತ್ತವೆ.

ಕಲಿತವರನ್ನು ಕಲಿತ ಜಾಗದಲ್ಲೇ ಉಳಿಸುವುದೂ ಅಷ್ಟೇ ಮುಖ್ಯ. ಎರಡು ದಿನ ತರಬೇತಿ ಪಡೆದು ಬಂದ ಸಿಸ್ಟರ್‌ನ್ನು ಮುಂದಿನ ತಿಂಗಳು ಕಣ್ಣಿನ ವಾರ್ಡಿಗೆ ಹಾಕಿದರೆ ಕಲಿಕೆ ಅಲ್ಲಿಗೆ ಮುಗಿಯಿತು. ಹೆರಿಗೆ ಕೋಣೆಯ ನರ್ಸ್‌ಗಳನ್ನು ವಾರ್ಡಿನಿಂದ ವಾರ್ಡಿಗೆ ತಿರುಗಿಸಬೇಡಿ ಎಂದು ‘ಲಕ್ಷ್ಯ’ದ ಮಾರ್ಗಸೂಚಿ ಹೇಳುವುದು ಇದಕ್ಕೇ. ಇನ್ನು ರಾತ್ರಿ ಡ್ಯೂಟಿ ಮುಗಿಸಿ, ನಿದ್ದೆಗೆಟ್ಟು ಬೆಳಿಗ್ಗೆ ತರಬೇತಿಗೆ ಕೂತವರು ಏನು ಕಲಿಯುತ್ತಾರೆ ಎಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ. ಆ ಗಂಟೆಗಳು ಡ್ಯೂಟಿಯ ಲೆಕ್ಕಕ್ಕೇ ಬರಬೇಕು.

ಮನೆಯವರು ಏನು ಕೇಳಬಹುದು?

ಹೆರಿಗೆಗೆ ಆಸ್ಪತ್ರೆ ನೋಡುವಾಗ ನಾವು ಎಸಿ ರೂಮ್ ಇದೆಯೇ, ಪ್ಯಾಕೇಜ್ ಎಷ್ಟು ಎಂದು ಕೇಳುತ್ತೇವೆ. ಅದರ ಜೊತೆಗೆ ಇನ್ನೆರಡು ಪ್ರಶ್ನೆಗಳನ್ನು ಸೇರಿಸಿಕೊಳ್ಳಿ. ರಾತ್ರಿ ಹೊತ್ತು ಹೆರಿಗೆಯಾಗಿ ಮಗು ಅಳದಿದ್ದರೆ ಬ್ಯಾಗ್ ಹಿಡಿಯುವವರು ಯಾರು? ಅವರು ಕೊನೆಯ ಸಲ ಅದನ್ನು ಅಭ್ಯಾಸ ಮಾಡಿದ್ದು ಯಾವಾಗ? ಜಗಳದ ದನಿಯಲ್ಲಿ ಬೇಡ, ಏಳನೇ ಎಂಟನೇ ತಿಂಗಳ ತಪಾಸಣೆಗೆ ಹೋದಾಗ ಸಮಾಧಾನವಾಗಿ ಕೇಳಿ. ಅಭ್ಯಾಸ ಮಾಡುವ ಆಸ್ಪತ್ರೆಯಾದರೆ ಸಿಸ್ಟರ್ ತಾವೇ ಕರೆದುಕೊಂಡು ಹೋಗಿ ಆ ಮೇಜನ್ನೂ ಬೊಂಬೆಯನ್ನೂ ತೋರಿಸಬಹುದು.

ಮತ್ತು ಮುಂದಿನ ಸಲ ಬೆಂಚಿನ ಮೇಲೆ ಕೂತಾಗ “ಸಿಸ್ಟರ್ ಟ್ರೈನಿಂಗ್‌ಗೆ ಹೋಗಿದ್ದಾರೆ” ಎಂಬ ಉತ್ತರ ಬಂದರೆ, ಕೇಳಬೇಕಾದದ್ದು ಏಕೆ ಹೋದರು ಎಂದಲ್ಲ, ಅವರ ಜಾಗಕ್ಕೆ ಇವತ್ತು ಯಾರನ್ನು ಹಾಕಿದ್ದೀರಿ ಎಂದು. ಆ ಪ್ರಶ್ನೆಯನ್ನು ಸಿಸ್ಟರ್‌ಗಳನ್ನಲ್ಲ, ಆಡಳಿತಾಧಿಕಾರಿಯನ್ನು ಕೇಳಿ.